ಹಿಡಿದು ಬಿಡುವ ಗಾಳ



ಆಶ್ವಯುಜ ಕಳೆಯುವ ಹೊತ್ತಿಗೆ ಸಕಲೇಶಪುರ, ಆಲೂರಿನ ಕಡೆ ಮಳೆ ಹಿಂದೆ ಸರಿಯುತ್ತದೆ. ಕೆಂಪಗೆ ಹರಿಯುತ್ತಿದ್ದ ಹೇಮಾವತಿ ತಿಳಿಯಾಗುತ್ತಾಳೆ. ಕಾಫಿ ಕೊಯ್ಲಿಗೆ ಇನ್ನೂ ಸಮಯವಿದೆ. ಗಾಳ ಹಿಡಿದು ದಂಡೆಯಲ್ಲಿ ಕೂರುವ ಆಸೆ ಹುಟ್ಟುವ ಕಾಲವಿದು.

ಮಲೆನಾಡಿಗೆ ಮೀನು ಶಿಕಾರಿ ಹೊಸದಲ್ಲ. ಮುಂಗಾರಿನ ಮೊದಲ ನೀರಿಗೆ ಮೊಟ್ಟೆಯಿಡಲು ಗದ್ದೆಯತ್ತ ಏರಿ ಬರುವ ಹತ್ತುಮೀನಿಗೆ ಕೂಣಿ ಎಂಬ ಮೀನುಬೋನು ಒಡ್ಡುವುದು ಹಳೆಯ ರೂಢಿ. ಆದರೆ ಮೊಟ್ಟೆ ಹೊತ್ತ ಮೀನನ್ನೇ ಹಿಡಿದರೆ ಮುಂದಿನ ವರ್ಷಕ್ಕೆ ಹೊಳೆಯಲ್ಲಿ ಏನುಳಿದೀತು?

ಹೇಮಾವತಿ ಹೋಗಿ ಸೇರುವ ಕಾವೇರಿಯ ದಂಡೆಯ ಭೀಮೇಶ್ವರಿ ಎಂಬ ಮೀನು ಶಿಕಾರಿ ಶಿಬಿರದಲ್ಲಿ ಹಿಂದೆ ಬೇರೆಯೇ ಕಟ್ಟಳೆಯಿತ್ತು. ಗಾಳಕ್ಕೆ ಬಿದ್ದ ಮಶೀರ್ ಮೀನನ್ನು ತೂಗಿ ನೋಡಿ ಮತ್ತೆ ನೀರಿಗೇ ಬಿಡಬೇಕು. ಕದ್ದು ಮೀನು ಹಿಡಿಯುತ್ತಿದ್ದವರಲ್ಲೇ ಕೆಲವರು ಅಲ್ಲಿ ಮಾರ್ಗದರ್ಶಕರಾದರು. ಬಿಡುವುದಕ್ಕೂ ಕ್ರಮವಿದೆ. ಒಣಗೈ ತಾಗಿದರೆ ಮೀನಿನ ಮೈಯ ಲೋಳೆ ಕಿತ್ತುಬರುತ್ತದೆ. ಹಾಗಾಗಿ ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಹರಿವಿಗೆ ಮುಖ ಮಾಡಿಸಿ ಹಿಡಿದು, ಕಿವಿರಾಡಿ ಬಾಲ ಬೀಸಿದ ಮೇಲೆ ಬಿಡಬೇಕು.

ಇಷ್ಟಾದರೂ 2018ರಲ್ಲಿ ಕಾವೇರಿಯ ಗೂನುಬೆನ್ನಿನ ಮಶೀರ್ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು, ಹೊರಗಿನಿಂದ ತಂದು ಬಿಟ್ಟ ಬೇರೆ ಮೀನು, ಹೀಗೆ ಕಾರಣ ಹಲವು.

ಹಿಡಿಯುವ ಜಾಣತನ ಎಲ್ಲರಿಗೂ ಬೇಗ ಬರುತ್ತದೆ. ಎಷ್ಟು ಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ವಿವೇಕಕ್ಕೆ ಅಭ್ಯಾಸ ಬೇಕು. ಹೊಳೆಗೂ, ಹಣಕ್ಕೂ, ಅಧಿಕಾರಕ್ಕೂ ಈ ಮಾತು ಒಂದೇ.