ಕುದುರೆಯ ಮೈಮೇಲಿನ ಗಂಟು

ನರಹುಲಿಗೆ ಕುದುರೆಯ ಬಾಲದ ಕೂದಲನ್ನು ಬಿಗಿದರೆ ಅದು ಒಣಗಿ ಉದುರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಜಟಕಾಗಳು ಬೀದಿಯ ಬದಿಗೆ ಸಾಲಾಗಿ ನಿಲ್ಲುತ್ತಿದ್ದ ದಿನಗಳಲ್ಲಿ, ಒಂದೆಳೆ ಕೂದಲಿಗಾಗಿ ಜಟಕಾದವನನ್ನು ಕಾಡದ ಹುಡುಗರು ಕಡಮೆ. ಆದರೆ ಆ ಕುದುರೆಯ ಮೈಮೇಲೆಯೇ ನರಹುಲಿಯಂತಹುದೊಂದು ಎದ್ದರೆ ಏನನ್ನು ಬಿಗಿಯಬೇಕು? ಪಶುವೈದ್ಯನಾಗಿ ಕಳೆದ ಮೂರು ದಶಕಗಳಲ್ಲಿ ಈ ಪ್ರಶ್ನೆಯನ್ನು ನಾನು ಎಷ್ಟೋ ಸಲ ಎದುರಿಸಿದ್ದೇನೆ. ಕೇಳುತ್ತಿರುವ ನಿಮ್ಮಲ್ಲಿ ಲಾಯವುಳ್ಳವರು ಹೆಚ್ಚು ಮಂದಿ ಇರಲಾರರು. ಆದರೂ ಮದುವೆಯ ಮೆರವಣಿಗೆಯಲ್ಲಿಯೋ ಮೈಸೂರಿನ ಟಾಂಗಾದಲ್ಲಿಯೋ ನಾವೆಲ್ಲ ಎಂದಾದರೊಂದು ದಿನ ಈ ಪ್ರಾಣಿಗೆ ಭಾರವಾದವರೇ.

ಕುದುರೆಯನ್ನು ಪರೀಕ್ಷಿಸುವುದರಲ್ಲಿ ನಮ್ಮ ಹಿರಿಯರು ಸಾಮಾನ್ಯರಲ್ಲ. ಶಾಲಿಹೋತ್ರನ ಹೆಸರಿನಲ್ಲಿ ನಡೆದುಬಂದ ಅಶ್ವಶಾಸ್ತ್ರವೇ ಇದೆ. ಈಗಲೂ ಕೊಳ್ಳಬಂದವನು ಹಣೆಯ ಸುಳಿ, ಎದೆಯ ಸುಳಿಗಳನ್ನು ಹುಡುಕುತ್ತಾನೆ, ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಬಾಲವನ್ನೆತ್ತಿ ಅದರ ಬುಡವನ್ನು ನೋಡುವವನನ್ನು ಮಾತ್ರ ನಾನು ಕಂಡದ್ದು ಅಪರೂಪ. ಸುಳಿಯಿಂದ ಕುದುರೆಯ ಆಯುಷ್ಯ ಕಡಮೆಯಾದುದನ್ನು ನಾನು ಕಾಣೆ. ಬಾಲದ ಬುಡದ ಗಂಟಿನಿಂದ ಆದುದನ್ನು ಕಂಡಿದ್ದೇನೆ.

ಗಂಟುಗಳಲ್ಲಿ ನಿರುಪದ್ರವಿಗಳೂ ಉಂಟು. ಒಂದೆರಡು ವರ್ಷದ ಮರಿಯ ಮೂತಿಯ ಮೇಲೆ, ತುಟಿಯ ಅಂಚಿನಲ್ಲಿ, ಹೂಕೋಸಿನ ತುಣುಕುಗಳಂತೆ ಸಣ್ಣ ನರಹುಲಿಗಳು ಗುಂಪಾಗಿ ಏಳುತ್ತವೆ. ಇದು ಒಂದು ವೈರಸ್ಸಿನ ಕೆಲಸ. ಕೆಲವು ತಿಂಗಳಲ್ಲಿ ಮರಿಯ ದೇಹವೇ ಅದನ್ನು ಗುರುತಿಸಿ ಅಳಿಸಿಹಾಕುತ್ತದೆ. ಇಲ್ಲಿ ವೈದ್ಯನು ಮಾಡಬೇಕಾದ ಕೆಲಸ ಒಡೆಯನ ಕೈ ಹಿಡಿದು ನಿಲ್ಲಿಸುವುದು. ಇನ್ನೊಂದು, ಗಾಯದಲ್ಲಿ ಬೆಳೆಯುವ ದುರ್ಮಾಂಸ. ಮೊಣಕಾಲಿನ ಕೆಳಗೆ, ಚರ್ಮವು ಎಲುಬಿಗೆ ಅಂಟಿಕೊಂಡಿರುವ ಕಡೆ ಇದರ ಹಾವಳಿ ಹೆಚ್ಚು. ಮೂರನೆಯದು ಬೇಸಗೆಯ ಹುಣ್ಣು. ನೊಣವು ಹೊತ್ತುತಂದ ಹುಳುವಿನ ಮರಿಗಳು ಗಾಯವನ್ನು ಹೊಕ್ಕು ಕೆಂಪಾದ, ತುರಿಸುವ ಮಾಂಸವನ್ನು ಎಬ್ಬಿಸುತ್ತವೆ. ಅದರೊಳಗೆ ನುಚ್ಚಿನಂತಹ ಹಳದಿ ಕಾಳುಗಳು ಸಿಗುತ್ತವೆ. ನೊಣದ ಕಾಲ ಮುಗಿದು ಚಳಿ ಬಂದಾಗ ಇಳಿಯುತ್ತದೆ, ಬೇಸಗೆಗೆ ಮರಳುತ್ತದೆ. ಐವರ್‌ಮೆಕ್ಟಿನ್ ಔಷಧಿ ಬಳಕೆಗೆ ಬಂದ ಮೇಲೆ ಇದರ ಚಿಕಿತ್ಸೆ ಸುಲಭವಾಗಿದೆ. ಆ ಔಷಧಿಯ ಶೋಧಕ್ಕೆ 2015ರಲ್ಲಿ ನೊಬೆಲ್ ಬಹುಮಾನವೂ ಸಂದಿತು.

ಈ ಎಲ್ಲದರ ವೇಷವನ್ನೂ ಹಾಕಬಲ್ಲ ಒಂದು ಗಂಟಿದೆ. ಅದರ ಹೆಸರು ಸಾರ್ಕಾಯ್ಡ್, ‘ಮಾಂಸದಂತಹುದು’ ಎಂದು ಅರ್ಥ. ದಕ್ಷಿಣ ಆಫ್ರಿಕದ ಜಾಕ್ಸನ್ ಎಂಬ ವಿಜ್ಞಾನಿ 1936ರಲ್ಲಿ ಇದನ್ನು ಪ್ರತ್ಯೇಕವಾಗಿ ವಿವರಿಸಿದ. ಕುದುರೆಯ ಚರ್ಮದ ಗಂತಿಗಳಲ್ಲೆಲ್ಲ ಇದೇ ಅತ್ಯಂತ ಸಾಮಾನ್ಯವಾದುದು. ಒಮ್ಮೆ ಕೂದಲುದುರಿದ ಬಿಲ್ಲೆಯಗಲದ ಮಚ್ಚೆಯಂತೆ, ಒಮ್ಮೆ ಒರಟು ನರಹುಲಿಯಂತೆ, ಒಮ್ಮೆ ಚರ್ಮದಡಿಯ ಗೋಲಿಯಂತೆ, ಒಮ್ಮೆ ಹಸಿಮಾಂಸದ ಹುಣ್ಣಿನಂತೆ ತೋರುತ್ತದೆ. ವಿಚಿತ್ರವೆಂದರೆ, ಇದರ ಮೂಲ ದನಗಳಿಗೆ ನರಹುಲಿ ತರುವ ವೈರಸ್ಸು. ದನದ ಮೈಯಲ್ಲಿ ಕೆಲವು ಕಾಲವಿದ್ದು ಹೊರಟುಹೋಗುವ ಅತಿಥಿ, ಕುದುರೆಯ ಮೈಯಲ್ಲಿ ಒಕ್ಕಲಾಗಿ ನಿಂತುಬಿಡುತ್ತದೆ. ಒಳಗಿನ ಅಂಗಗಳಿಗೆ ಅದು ಹಬ್ಬುವುದಿಲ್ಲ. ಆದರೆ ಇದ್ದ ಕಡೆ ಬೇರು ಬಿಡುತ್ತದೆ, ಕೆಣಕಿದರೆ ಕೆರಳುತ್ತದೆ.

ಟಾಂಗಾದವರೊಬ್ಬರ ಕಂದು ಬಣ್ಣದ ಹೆಣ್ಣುಕುದುರೆಗೆ ಎದೆಪಟ್ಟಿ ಉಜ್ಜುವ ಕಡೆ ಗುಲಗಂಜಿಯಷ್ಟು ಗಂಟು ಎದ್ದಿತ್ತು. ಯಾರೋ ದಾರ ಬಿಗಿಯಲು ಹೇಳಿದರು, ಇನ್ನಾರೋ ಮೈಲುತುತ್ತ ಹಚ್ಚಲು ಹೇಳಿದರು. ಎರಡೂ ಆಯಿತು. ನನ್ನ ಬಳಿಗೆ ತರುವ ಹೊತ್ತಿಗೆ ಅದು ಕಿತ್ತಳೆಹಣ್ಣಿನ ಗಾತ್ರಕ್ಕೆ ಬೆಳೆದು, ನೆತ್ತರು ಜಿನುಗುತ್ತ, ನೊಣಗಳಿಗೆ ಅನ್ನಸತ್ರವಾಗಿತ್ತು. “ಡಾಕ್ಟ್ರೇ, ಇವತ್ತೇ ಕುಯ್ದು ಬಿಸಾಕಿ, ನಾಳಿದ್ದು ಗಾಡಿ ಕಟ್ಟಬೇಕು” ಎಂದರು ಅವರು. ದಸರೆ ಹತ್ತಿರದಲ್ಲಿತ್ತು. ವರ್ಷದ ಸಂಪಾದನೆಯ ದೊಡ್ಡ ಪಾಲು ಆ ಹತ್ತು ದಿನಗಳಲ್ಲಿ ಬರಬೇಕು. ಕುಯ್ಯುವುದು ಕಾಲು ಗಂಟೆಯ ಕೆಲಸ; ಆದರೆ ಕಣ್ಣಿಗೆ ಕಾಣುವುದನ್ನಷ್ಟೇ ಕುಯ್ದರೆ, ಕಾಣದೆ ಉಳಿದ ಜೀವಕೋಶಗಳು ದೀಪಾವಳಿಯ ಹೊತ್ತಿಗೆ ಇಮ್ಮಡಿಯಾಗಿ ಎದ್ದುಬರುತ್ತವೆ ಎಂದು ನಾನು ತಿಳಿಸಬೇಕಾಯಿತು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕುದುರೆಯ ಕುತ್ತಿಗೆಯನ್ನು ಸವರುತ್ತ ನಿಂತಿದ್ದು, ಕೊನೆಗೆ “ನೀವು ಹೇಳಿದ ಹಾಗೆ ಆಗಲಿ” ಎಂದರು.

ಸುತ್ತಲಿನ ಒಳ್ಳೆಯ ಚರ್ಮವನ್ನೂ ಅಗಲವಾಗಿ ಸೇರಿಸಿ ತೆಗೆದು, ತಳವನ್ನು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿದೆವು. ಹೋರಿಯ ವೀರ್ಯವನ್ನು ಕಾಪಿಡುವುದಕ್ಕೆಂದು ನಮ್ಮ ಪಶು ಆಸ್ಪತ್ರೆಗಳಲ್ಲಿ ಈ ದ್ರವವನ್ನು ಇಟ್ಟಿರುತ್ತಾರೆ. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೈತ್ಯ ಅದರದು. ಎರಡು ಸಲ ಹಾಗೆ ಮಾಡಬೇಕಾಯಿತು. ಕುದುರೆ ಎರಡು ತಿಂಗಳು ನಿಂತಲ್ಲೇ ಮೇವು ತಿಂದಿತು, ದಸರೆ ಹೋಯಿತು. ಕಣ್ಣಿನ ರೆಪ್ಪೆಯ ಹತ್ತಿರ ಎದ್ದ ಗಂಟಾಗಿದ್ದರೆ ಕತ್ತಿಗೆ ಅಲ್ಲಿ ಎಡೆಯಿಲ್ಲ. ಅಲ್ಲಿ ನಮ್ಮ ಕೂಸುಗಳಿಗೆ ಹಾಕುವ ಬಿ.ಸಿ.ಜಿ. ಲಸಿಕೆಯನ್ನೇ ಗಂಟಿನೊಳಕ್ಕೆ ಚುಚ್ಚಿ, ಮಲಗಿರುವ ದೇಹರಕ್ಷಣೆಯನ್ನು ಎಬ್ಬಿಸುವ ಉಪಾಯವೊಂದಿದೆ. ಅದನ್ನು ಬಲ್ಲವರೇ ಮಾಡಬೇಕು. ಮರುಚುಚ್ಚಿಗೆ ಕುದುರೆ ಕುಸಿದುಬೀಳುವ ಅಪಾಯವುಂಟು.

ಇನ್ನು ಬಾಲದ ಬುಡದ ಮಾತು. ಮದುಮಗನನ್ನು ಹೊರುವ ಬಿಳಿಯ ಕುದುರೆ ಹುಟ್ಟುವಾಗ ಸಾಮಾನ್ಯವಾಗಿ ಬಿಳಿಯದಲ್ಲ. ಕಪ್ಪಾಗಿಯೋ ಕಂದಾಗಿಯೋ ಹುಟ್ಟಿ, ವರ್ಷವರ್ಷಕ್ಕೂ ನರೆತು ಬೆಳ್ಳಗಾಗುತ್ತದೆ. ಚರ್ಮ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಹೀಗೆ ನರೆಸುವ ಗುಣಾಣುವನ್ನು ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು 2008ರಲ್ಲಿ ಗುರುತಿಸಿದರು. ಕೂದಲನ್ನು ಬಿಳುಪಾಗಿಸುವ ಆ ಬದಲಾವಣೆಯೇ ಚರ್ಮದಲ್ಲಿ ಬಣ್ಣದ ಕೋಶಗಳನ್ನು ಮಿತಿಮೀರಿ ಬೆಳೆಸುತ್ತದೆ. ಹದಿನೈದು ವರ್ಷ ದಾಟಿದ ಇಂತಹ ಕುದುರೆಗಳಲ್ಲಿ ನೂರಕ್ಕೆ 70-80ರಲ್ಲಿ ಬಾಲದಡಿ, ಗುದದ ಸುತ್ತ, ತುಟಿಯಲ್ಲಿ, ಕಿವಿಯ ಕೆಳಗೆ ನೇರಳೆಹಣ್ಣಿನಂತಹ ನುಣುಪಾದ ಕರಿಯ ಗಂಟುಗಳು ಏಳುತ್ತವೆ. ಮೆಲನೋಮ ಎಂದು ಇವುಗಳ ಹೆಸರು. ಬೇಗ ಬೇಗ ಬೆಳ್ಳಗಾಗುವ ಕುದುರೆಗಳಿಗೇ ಇದರ ಕಾಟ ಹೆಚ್ಚೆಂದು 2024ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಾವು ಮೆಚ್ಚಿ ಹೆಚ್ಚು ಬೆಲೆ ಕೊಡುವುದೂ ಅವಕ್ಕೇ.

ನಾನು ಓದುವಾಗ ಈ ಗಂಟುಗಳನ್ನು ಮುಟ್ಟಲೇಬಾರದೆಂದು ಹೇಳಿಕೊಡುತ್ತಿದ್ದರು. ಅವು ಎಷ್ಟೋ ವರ್ಷ ಇದ್ದಲ್ಲಿಯೇ ಇರುತ್ತವೆ, ನಿಜ. ಆದರೆ ಇದ್ದಕ್ಕಿದ್ದಂತೆ ಬೆಳೆದು ಲದ್ದಿ ಹಾಕುವ ದಾರಿಯನ್ನೇ ಮುಚ್ಚಿದ, ಒಳಗೂ ಹಬ್ಬಿದ ಕುದುರೆಗಳನ್ನು ನಾನು ಕಂಡಿದ್ದೇನೆ. ಆಗ ಅದರ ಬಾಧೆಯನ್ನು ನೀಗುವ ದಾರಿ ಒಂದೇ, ಅದನ್ನು ಇಲ್ಲಿ ವಿವರಿಸಲಾರೆ. ಕಡಲೆಕಾಳಿನಷ್ಟಿರುವಾಗಲೇ ತೆಗೆಸುವುದು ಲೇಸೆಂಬ ಅಭಿಪ್ರಾಯ ಈಗ ಬಲವಾಗಿದೆ, ನನ್ನದೂ ಅದೇ. ಒಮ್ಮೆ ಒಬ್ಬರು ಮೆರವಣಿಗೆಗೆಂದು ಬಿಳಿಯ ಕುದುರೆಯನ್ನು ಕೊಳ್ಳುವ ಮುನ್ನ ನನ್ನನ್ನು ಕರೆದೊಯ್ದರು. ಮಾರುವವನು ಬಾಲವನ್ನು ಕೆಂಪು ರೇಷ್ಮೆಯಲ್ಲಿ ಅಂದವಾಗಿ ಸುತ್ತಿ ಕಟ್ಟಿದ್ದ. ಆ ಅಲಂಕಾರವನ್ನು ಬಿಚ್ಚಿಸುವುದಕ್ಕೆ ಅರ್ಧ ಗಂಟೆ ವಾದಿಸಬೇಕಾಯಿತು.

ಕುದುರೆಯುಳ್ಳವರಿಗೆ ಒಂದು ಮಾತು. ಮೈ ಉಜ್ಜುವಾಗ ತಿಂಗಳಿಗೊಮ್ಮೆ ಕಿವಿಯ ಹಿಂದೆ, ತೊಡೆಯ ಸಂದಿನಲ್ಲಿ, ಬಾಲದಡಿ ಅಂಗೈಯಾಡಿಸಿ. ಗಂಟು ಸಿಕ್ಕರೆ ಚಿವುಟಬೇಡಿ, ಸುಡಬೇಡಿ, ಏನನ್ನೂ ಬಿಗಿಯಬೇಡಿ. ಒಂದು ದಾರದಿಂದ ಅದರ ಸುತ್ತಳತೆ ತೆಗೆದು, ಆ ಅಳತೆಗೆ ಕತ್ತರಿಸಿ ಲಾಯದ ಗೋಡೆಯ ಮೊಳೆಗೆ ಸಿಕ್ಕಿಸಿಡಿ. ಮುಂದಿನ ತಿಂಗಳು ಅದರ ಪಕ್ಕದಲ್ಲಿ ಇನ್ನೊಂದು. ವೈದ್ಯರು ಬಂದಾಗ ಕುದುರೆಗಿಂತ ಮೊದಲು ಆ ದಾರಗಳನ್ನು ತೋರಿಸಿ.