ಅಜ್ಜ, ಜಮಾಲ್‌ಪುರ ಮತ್ತು ಒಂದು ಗದ್ದೆ

ನಮ್ಮಜ್ಜ ಬೆಳಗಾವಿ ಕಡೆಯ ರೈತ. ಅದಕ್ಕೂ ಮೊದಲು ಮರಾಠಾ ಲೈಟ್ ಇನ್‌ಫೆಂಟ್ರಿಯ ಮೊದಲನೇ ಬಟಾಲಿಯನ್‌ನಲ್ಲಿದ್ದರು. 1971ರ ಡಿಸೆಂಬರ್ 10ರ ರಾತ್ರಿ, ಈಗಿನ ಬಾಂಗ್ಲಾದೇಶದ ಜಮಾಲ್‌ಪುರದಿಂದ ಢಾಕಾ ಕಡೆ ತಪ್ಪಿಸಿಕೊಳ್ಳೋಕೆ ಹೊರಟ ಪಾಕಿಸ್ತಾನಿ ಪಡೆಯನ್ನ ತಡೆದದ್ದು ಇವರ ಪಲ್ಟನ್ನೇ.

ಎಂಜಿನಿಯರಿಂಗ್ ಓದುವಾಗ ಕೇಳಿದ್ದೆ, ‘ಅಜ್ಜಾ, ಎಷ್ಟು ಮಂದೀನ ಹೊಡದ್ರಿ?’ ಉತ್ತರ ಬರಲಿಲ್ಲ. ಎತ್ತಿಗೆ ಮೇವು ಹಾಕಿ ಬಂದು ಕೂತ ಮೇಲೆ ಅಂದರು, ‘ಬೆಳಕಾದ ಮ್ಯಾಲೆ ನೋಡಿದ್ರ, ಯಾರದೋ ಭತ್ತದ ಗದ್ದಿ. ಪೂರಾ ತುಳದ ಬಿಟ್ಟಿದ್ವಿ.’ ಅಷ್ಟೇ.

ಪುಣೆಯಿಂದ ಊರಿಗೆ ಹೋದಾಗಲೆಲ್ಲ ಪೂರ್ತಿ ಕಥೆ ರೆಕಾರ್ಡ್ ಮಾಡಬೇಕು ಅಂದ್ಕೊಳ್ತಿದ್ದೆ. ಎರಡು ದಿನದ ರಜೆ, ಲ್ಯಾಪ್‌ಟಾಪ್ ಬೇರೆ ಜೊತೆಗೆ. ಹೋದ ವರ್ಷ ಅಜ್ಜ ತೀರಿಕೊಂಡರು. ಮೊಬೈಲ್‌ನಲ್ಲಿ ಇರೋದು ಹನ್ನೊಂದು ಸೆಕೆಂಡಿನ ಒಂದೇ ವಿಡಿಯೋ. ಜೋಳದ ಹೊಲದ ಬದುವಿನ ಮೇಲೆ ನಿಂತು ನನಗೇ ಗದರ್ತಿದ್ದಾರೆ: ‘ಕಾಲ ನೋಡಿ ಇಡು, ಬೆಳಿ ಐತಿ.’