ಹಿರಿಯರ ಸ್ನಾನ, ಮಕ್ಕಳ ಜವಾಬ್ದಾರಿ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)



ಕಲಬುರಗಿ ನಗರದಿಂದಲೂ ಕಮಲಾಪುರದಿಂದಲೂ ಬಂದಿರುವ ಪಾಲಕರೇ, ವಿದ್ಯಾರ್ಥಿಗಳೇ,

ಮಯ್ಯತ್‌ಗೆ ಗುಸ್ಲ್ ಕೊಡುವ ಕ್ರಮ ಬಲ್ಲವರು ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ಹೊಕ್ಕುಳಿಂದ ಮೊಣಕಾಲಿನವರೆಗೆ ಬಟ್ಟೆ ಹೊದಿಸುತ್ತೇವೆ. ಕೈಗೆ ಬಟ್ಟೆ ಸುತ್ತಿಕೊಳ್ಳುತ್ತೇವೆ. ಬಲಗಡೆಯಿಂದ ಆರಂಭಿಸಿ ಮೆಲ್ಲಗೆ ತೊಳೆಯುತ್ತೇವೆ. ಕಂಡದ್ದನ್ನು ಹೊರಗೆ ಹೇಳುವುದಿಲ್ಲ. ಇದೇ ಅದಬ್ ಬದುಕಿರುವ ತಂದೆ-ತಾಯಿಗೂ ಸಲ್ಲಬೇಕು ಎಂಬುದೇ ಇಂದು ನಮ್ಮ ಮಾತು.

ಹಿರಿಯರಿಗೆ ಔಷಧಿ ತರಲು ಎಲ್ಲರೂ ಮುಂದೆ ಬರುತ್ತಾರೆ. ಸ್ನಾನ, ಶೌಚದ ಕೆಲಸ ಮಾತ್ರ ಸೊಸೆಯ ಮೇಲೆ, ಇಲ್ಲವೇ ಓದುವ ಹುಡುಗಿಯ ಮೇಲೆ ಬೀಳುತ್ತದೆ. ಬನೀ ಇಸ್ರಾಈಲ್ ಸೂರಾದ 23ನೇ ಆಯತ್ ವೃದ್ಧ ತಂದೆ-ತಾಯಿಯ ಮುಂದೆ ಬೇಸರದ ಉದ್ಗಾರವನ್ನೂ ತಡೆಯುತ್ತದೆ. ಆ ಆಜ್ಞೆ ಮಕ್ಕಳಿಗೆ. ಅಬ್ಬಾನವರ ಸ್ನಾನ ಗಂಡುಮಕ್ಕಳ ಕೆಲಸ. ಅಮ್ಮಿಯವರಿಗೆ ಹೆಣ್ಣುಮಕ್ಕಳು ಸ್ನಾನ ಮಾಡಿಸಿದರೂ ನೀರು ಕಾಯಿಸುವುದು, ಎತ್ತಿ ಕೂರಿಸುವುದು, ಬಟ್ಟೆ ಒಗೆಯುವುದು ಗಂಡುಮಕ್ಕಳಿಂದ ಆಗುವಂಥದ್ದೇ.

ಈಗ ಮಾಡುವ ರೀತಿ. ನಮ್ಮ ಕಡೆಯ ಬಚ್ಚಲಿಗೆ ಶಹಾಬಾದ್ ಫರಸಿ ಹಾಸಿರುತ್ತಾರೆ. ಸಾಬೂನು ನೀರು ಬಿದ್ದರೆ ಜಾರುತ್ತದೆ. ರಬ್ಬರ್ ಚಾಪೆ ಹಾಕಿ, ಅಲುಗಾಡದ ಕುರ್ಚಿ ಇಡಿ, ಗೋಡೆಗೆ ಹಿಡಿಕೆ ಹಾಕಿಸಿ. ನೀರಿನ ಬಿಸಿಯನ್ನು ನಿಮ್ಮ ಮೊಣಕೈಯಿಂದ ನೋಡಿ. ಲುಂಗಿ ಅಥವಾ ಚಾದರ ಹೊದಿಸಿಯೇ ನೀರು ಹಾಕಿ. "ಅಬ್ಬಾ, ಬೆನ್ನು ತೊಳೆಯಲೇ?" ಎಂದು ಕೇಳಿ ಕೈ ಹಚ್ಚಿ. ಅವರ ಕೈಲಾಗುವುದನ್ನು ಅವರಿಗೇ ಬಿಡಿ. ಮುಖ ಮೊದಲು, ಗುಪ್ತಾಂಗ ಕೊನೆಗೆ. ಕಂಕುಳು, ತೊಡೆಯ ಸಂದು, ಕಾಲ್ಬೆರಳ ನಡುವೆ ಒತ್ತಿ ಒರೆಸಿ. ತೇವ ಉಳಿದರೆ ಚರ್ಮ ಕೆಡುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಪಾದಗಳನ್ನು ದಿನವೂ ನೋಡಿ.

ದಿನವೂ ಪೂರ್ತಿ ಸ್ನಾನ ಆಗದಿದ್ದರೆ ಚಿಂತೆ ಬೇಡ. ವಾರಕ್ಕೆ ಎರಡು-ಮೂರು ಸಲ ಸಾಕು, ಜುಮಾ ಅದರಲ್ಲೊಂದಾಗಲಿ. ಮುಖ, ಕೈ, ಕಂಕುಳು, ಗುಪ್ತಾಂಗ ಮಾತ್ರ ದಿನವೂ ಶುಚಿಯಾಗಬೇಕು. ಒದ್ದೆ ಬಟ್ಟೆಯನ್ನು ಕೂಡಲೇ ಬದಲಿಸಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿ. ಸೊಂಟ, ಹಿಮ್ಮಡಿಯಲ್ಲಿ ಕೆಂಪು ಕಲೆ ಕಂಡರೆ ತಿಕ್ಕಬೇಡಿ, ವೈದ್ಯರಿಗೆ ತೋರಿಸಿ. ನೀರು ತಾಗಿದರೆ ಕಾಯಿಲೆ ಹೆಚ್ಚುವವರಿಗೆ ನಮಾಜಿಗಾಗಿ ತಯಮ್ಮುಮ್‌ನ ಅವಕಾಶ ಇದೆ. ಇದನ್ನು ಅವರಿಗೆ ನೆನಪಿಸಿದರೆ ಮನಸ್ಸು ಹಗುರಾಗುತ್ತದೆ.

ವಿದ್ಯಾರ್ಥಿನಿಯರೇ, ಮನೆಯಲ್ಲಿ ಹಾಸಿಗೆ ಹಿಡಿದವರ ಸೇವೆಯಿಂದ ಹಾಜರಾತಿ ಕಡಿಮೆಯಾಗಿದ್ದರೆ ಅರ್ಜಿಯಲ್ಲಿ ಸಂಕೋಚವಿಲ್ಲದೆ ಬರೆಯಿರಿ. ನಾವು ನಿಮ್ಮ ಅಣ್ಣ-ತಮ್ಮಂದಿರನ್ನು ಕರೆದು ಮಾತಾಡುತ್ತೇವೆ. ಸೇವೆಯ ಪುಣ್ಯದಲ್ಲಿ ಅವರಿಗೂ ಪಾಲು ಸಿಗಲಿ. ಹಿರಿಯರನ್ನು ನೋಡಿಕೊಳ್ಳುವವರೇ ಇಲ್ಲದ ಮನೆಗಳು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಚಿಕ್ಕಂದಿನಲ್ಲಿ ನಮ್ಮನ್ನು ತೊಳೆದು ಶುಚಿ ಮಾಡಿದ ಕೈಗಳ ಮೇಲೆ ಅಲ್ಲಾಹನು ಕರುಣೆ ತೋರಲಿ. ಆಮೀನ್.